ರೋಗದ ಬೆನ್ನಿಗೆ ಬಂದ ನೌಕರಿಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಮನೆಯಲ್ಲೂ ಕಾಲೇಜಿನಲ್ಲೂ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ. ಓದಿದ ಮೇಲೆ ಊರು ಬಿಡಬೇಕು. ಇಲ್ಲಿ ಅಡಿಕೆ ಇದೆ, ಗದ್ದೆಯಿದೆ, ಕಾಡಿದೆ, ಕಾಡನ್ನು ಮುಳುಗಿಸಿದ ಹಿನ್ನೀರಿದೆ. ಆದರೆ ಎಂ.ಎಸ್ಸಿ. ಮುಗಿಸಿದವರಿಗೆ ಬೇಕಾದ ಪ್ರಯೋಗಾಲಯ ಬೆಂಗಳೂರಿನಲ್ಲಿರುತ್ತದೆ, ಇಲ್ಲವೆ ಪುಣೆಯಲ್ಲಿ, ಹೈದರಾಬಾದಿನಲ್ಲಿ, ಅದಕ್ಕೂ ಆಚೆ ಜರ್ಮನಿಯಲ್ಲಿ. ಸಂಶೋಧನೆಯ ನೌಕರಿ ಎಂದರೆ ನಾವು ಹುಡುಕಿಕೊಂಡು ಹೋಗುವಂಥದ್ದು, ಅದು ನಮ್ಮನ್ನು ಹುಡುಕಿಕೊಂಡು ಬರುವಂಥದ್ದಲ್ಲ ಎಂಬುದು ಇಲ್ಲಿನ ಸಾಮಾನ್ಯ ತಿಳಿವಳಿಕೆ.

ಇತಿಹಾಸ ನೋಡಿದರೆ ವಿಷಯ ಅಷ್ಟು ಸರಳವಾಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕನಿಷ್ಠ ಎರಡು ಸಲ ಭೂಮಿಯ ಆಚೆ ಬದಿಯಿಂದ ವಿಜ್ಞಾನಿಗಳು ನಮ್ಮ ಮಲೆನಾಡಿನ ಕೆಲಸಕ್ಕೆಂದು ಬಂದಿದ್ದಾರೆ. ಮೊದಲ ಸಲ ಅಡಿಕೆ ಉದುರಿದ್ದರಿಂದ, ಎರಡನೆಯ ಸಲ ಮಂಗಗಳು ಸತ್ತದ್ದರಿಂದ.

ನಾನು ಸಸ್ಯರೋಗ ವಿಜ್ಞಾನದಲ್ಲಿ ಪಿಎಚ್‌.ಡಿ.ಯ ಕೊನೆಯ ವರ್ಷದಲ್ಲಿದ್ದೇನೆ. ಊರು ಹೊಸನಗರದ ಕಡೆ. ಪ್ರಬಂಧ ಬರೆಯುವುದರ ಜೊತೆಗೆ ಮುಂದಿನ ನೌಕರಿಗೆ ಅರ್ಜಿ ಹಾಕುವುದೂ ಈಗ ದಿನದ ಕೆಲಸ. ಹಳೆಯ ವರದಿಗಳನ್ನು ಓದುವಾಗ ಫಲಿತಾಂಶದ ಕೋಷ್ಟಕಗಳ ಜೊತೆಗೆ ಇನ್ನೂ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳುವ ಅಭ್ಯಾಸವಾಯಿತು: ಈ ಮನುಷ್ಯನಿಗೆ ಸಂಬಳ ಕೊಟ್ಟವರು ಯಾರು, ಎಷ್ಟು ವರ್ಷ ಕೊಟ್ಟರು, ಆಮೇಲೆ ಏನಾಯಿತು? ಈ ಬರಹ ಆ ಗುರುತುಗಳಿಂದ ಹುಟ್ಟಿದ್ದು.

ಮೊದಲನೆಯ ಕಥೆ ಕೊಳೆರೋಗದ್ದು. ಆಷಾಢದ ಮಳೆ ಹಿಡಿದ ಮೇಲೆ ಎಳೆ ಅಡಿಕೆಯ ಮೇಲೆ ನೀರು ಹೀರಿದಂಥ ಕಲೆ ಬೀಳುತ್ತದೆ, ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಕಾಯಿ ಕಳಚಿ ಬೀಳುತ್ತದೆ. ನಾಲ್ಕೈದು ವಾರದಲ್ಲಿ ತೋಟದ ಬುಡವೆಲ್ಲ ಕೊಳೆತ ಅಡಿಕೆ. ಅಡಿಕೆಯನ್ನೇ ನಂಬಿದ ಮನೆಗೆ ಅದು ಒಂದು ವರ್ಷದ ಊಟ, ಮದುವೆ, ಸಾಲದ ಕಂತು ಎಲ್ಲವೂ ಒಟ್ಟಿಗೆ ಉದುರಿದ ಹಾಗೆ. ಇದಕ್ಕೆ ಹಿಂದಿನವರು ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲನ್ನು ಹೆಣೆದು ಪ್ರತಿ ಕೊನೆಗೂ ಕೊಡೆಯ ಹಾಗೆ ಮುಚ್ಚುವುದು. ಮಳೆನೀರು ತಾಗದಿದ್ದರೆ ರೋಗ ಬರುವುದಿಲ್ಲ ಎಂಬ ತಿಳಿವಳಿಕೆ ರೈತರಿಗೆ ಇತ್ತು. ಅದು ಸರಿಯಾದ ತಿಳಿವಳಿಕೆಯೇ. ಆದರೆ ಸಾವಿರಾರು ಮರಕ್ಕೆ ಕೊಟ್ಟೆ ಕಟ್ಟುವಷ್ಟು ಆಳು, ಹುಲ್ಲು, ಸಮಯ ಎಲ್ಲರಿಗೂ ಇರುತ್ತಿರಲಿಲ್ಲ.

ಕೊಳೆರೋಗ ಎಂಬ ನಮ್ಮ ಮಾತು ವಿಜ್ಞಾನದ ಪುಸ್ತಕಕ್ಕೆ ಅದಕ್ಕೂ ಮುಂಚೆಯೇ ಸೇರಿತ್ತು. ಕಾಫಿಗೆ ಬರುವ ಕೊಳೆಯ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ 1876ರಲ್ಲಿ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಎಂದೇ ಹೆಸರಿಟ್ಟ. ಲ್ಯಾಟಿನ್ ಹೆಸರಿನ ಎರಡನೆಯ ಅರ್ಧ ಕನ್ನಡದ ಮಾತು. ಅಡಿಕೆಯ ಕೊಳೆ ಬೇರೆ ಜೀವಿಯದು. 1906ರ ಹೊತ್ತಿಗೆ ಪೂಸಾದ ಇಂಪೀರಿಯಲ್ ಮೈಕಾಲಜಿಸ್ಟ್ ಇ.ಜೆ. ಬಟ್ಲರ್ ಮೈಸೂರಿಗೆ ಬಂದು ಅದನ್ನು ನೋಡಿದರು. ಆದರೆ ಒಂದು ಸಲ ಬಂದು ನೋಡಿಹೋಗುವುದರಿಂದ ಮುಗಿಯುವ ಕೆಲಸ ಅದಾಗಿರಲಿಲ್ಲ.

1908ರಲ್ಲಿ ಮೈಸೂರು ಸಂಸ್ಥಾನ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ಯುವಕನನ್ನು ನೇಮಿಸಿಕೊಂಡಿತು. ಹುಟ್ಟಿದ್ದು 1878ರಲ್ಲಿ ಒಂಟಾರಿಯೋದಲ್ಲಿ. ಪದವಿ ಟೊರಾಂಟೋದಲ್ಲಿ, ಡಾಕ್ಟರೇಟ್ ಜರ್ಮನಿಯ ಗಟಿಂಗೆನ್ನಿನಲ್ಲಿ. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಪಿಎಚ್‌.ಡಿ. ಮುಗಿಸಿ ಮುಂದಿನ ನೌಕರಿ ಹುಡುಕುವ ವಯಸ್ಸಿನಲ್ಲಿ ಆತ ಬೆಂಗಳೂರಿಗೆ ಬಂದ. ಹುದ್ದೆಯ ಹೆಸರು ಶಿಲೀಂಧ್ರ ಮತ್ತು ಕೀಟ ಶಾಸ್ತ್ರಜ್ಞ. ಎರಡು ಶಾಸ್ತ್ರಕ್ಕೆ ಒಬ್ಬನೇ ಆಳು. ಬಂದ ಎರಡೇ ವರ್ಷದಲ್ಲಿ, 1910ರಲ್ಲಿ, ಅಡಿಕೆಯ ಕೊಳೆರೋಗದ ಮೇಲೆ ಕೋಲ್ಮನ್ ಬರೆದ ಪುಸ್ತಿಕೆಯನ್ನು ಕೃಷಿ ಇಲಾಖೆ ಪ್ರಕಟಿಸಿತು. ರೋಗ ತರುವುದು ಫೈಟಾಫ್ತೊರಾ ಎಂಬ ಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಅದು ಶಿಲೀಂಧ್ರಗಳಿಗಿಂತ ನೀರಿನ ಪಾಚಿಗಳಿಗೇ ಹತ್ತಿರದ ಸಂಬಂಧಿ ಎಂದು ಈಗ ಗೊತ್ತಾಗಿದೆ. ಅದರ ಬೀಜಾಣುಗಳು ನೀರಿನ ಪೊರೆಯಲ್ಲಿ ಈಜುತ್ತವೆ. ಕೊಟ್ಟೆ ಏಕೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದೇ ಉತ್ತರ.

ಪರಿಹಾರ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂತು. 1885ರಲ್ಲಿ ಮಿಲಾರ್ಡೆ ಎಂಬಾತ ಬೋರ್ಡೋದಲ್ಲಿ ಕಂಡುಹಿಡಿದು ಪ್ರಕಟಿಸಿದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ದ್ರಾಕ್ಷಿ ಬಳ್ಳಿ ಎದೆಯೆತ್ತರ, ಅಡಿಕೆ ಮರ ಐವತ್ತು ಅಡಿ. ಫ್ರಾನ್ಸಿನಲ್ಲಿ ಇಲ್ಲದ ಸಮಸ್ಯೆ ಇದು. ಮರದ ತುದಿಗೆ ಔಷಧಿ ಮುಟ್ಟಿಸುವ ದಾರಿ ಪುಸ್ತಕದಲ್ಲಿ ಇರಲಿಲ್ಲ. ಅದು ಇದ್ದದ್ದು ಕೊನೆಗಾರನ ಕಾಲಿನಲ್ಲಿ. ಒಂದು ಮರ ಹತ್ತಿ, ಅಲ್ಲಿಂದಲೇ ಬಾಗಿ ಪಕ್ಕದ ಮರಕ್ಕೆ ದಾಟಿ, ಇಳಿಯದೆ ಹತ್ತಾರು ಮರ ಮುಗಿಸುವ ಮನುಷ್ಯ ಇಲ್ಲದಿದ್ದರೆ ಬೋರ್ಡೋ ಮಲೆನಾಡಿನಲ್ಲಿ ನಿಲ್ಲುತ್ತಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮುಂಚೆ ಒಂದು ಸಲ, ಸುಮಾರು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಈ ಲೆಕ್ಕವನ್ನು ನಮ್ಮ ಕಡೆ ಶಾಲೆಗೆ ಹೋಗದವರೂ ಹೇಳುತ್ತಾರೆ. ವಿಜ್ಞಾನ ಒಂದು ಊರಿನ ವಾಡಿಕೆಯಾಗಿ ಬಿಡುವುದೆಂದರೆ ಇದೇ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಸಂಗತಿ ಕೋಲ್ಮನ್‌ನ ಜಾಣತನದ್ದಲ್ಲ, ಆತನ ನೌಕರಿಯ ಸ್ವರೂಪದ್ದು. ಆತ ಕೊಳೆರೋಗದ ಯೋಜನೆಗೆ ಬಂದವನಾಗಿರಲಿಲ್ಲ, ಇಲಾಖೆಗೆ ಬಂದವನು. ಪುಸ್ತಿಕೆ ಅಚ್ಚಾದ ಮೇಲೆ ಅದರ ಮಾತು ತೋಟದಲ್ಲಿ ನಡೆಯುತ್ತದೆಯೇ, ರೈತ ಒಪ್ಪುತ್ತಾನೆಯೇ, ಮೈಲುತುತ್ತ ಹೊತ್ತಿಗೆ ಸಿಗುತ್ತದೆಯೇ ಎಂದು ನೋಡುವುದಕ್ಕೆ ಆತನಿಗೆ ವರ್ಷಗಳಿದ್ದವು. 1913ರಲ್ಲಿ ಕೃಷಿ ನಿರ್ದೇಶಕನಾದ, 1934ರಲ್ಲಿ ನಿವೃತ್ತನಾದ. ಅಷ್ಟರಲ್ಲಿ ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇವೆಲ್ಲ ಆಗಿದ್ದವು. ಆತನ ಕೈಕೆಳಗೆ ತಯಾರಾದ ಮೈಸೂರಿನ ಹುಡುಗರು ಇಲಾಖೆಯಲ್ಲೇ ಮುಂದುವರಿದರು. ಸಂಸ್ಥಾನದ ಖಜಾನೆ ಒಬ್ಬ ಸಂಶೋಧಕನಿಗೆ ಕಾಲು ಶತಮಾನ ಸಂಬಳ ಕೊಟ್ಟಿತು, ಅದರ ಬಡ್ಡಿಯನ್ನು ಮಲೆನಾಡು ಇವತ್ತಿಗೂ ಉಣ್ಣುತ್ತಿದೆ. ಮೂವತ್ತು ವರ್ಷದ ವಿದೇಶಿ ಯುವಕನಿಗೆ ಸಿಕ್ಕ ಈ ಅವಕಾಶ ಆ ಕಾಲದ ಹಿಂದೂಸ್ತಾನದ ಯುವಕನಿಗೆ ಅಷ್ಟು ಸುಲಭದಲ್ಲಿ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕೋಲ್ಮನ್ ಮೈಸೂರಿನಲ್ಲಿದ್ದಾಗಲೇ ಅಮೆರಿಕದಲ್ಲಿ ಇನ್ನೊಂದು ಬಗೆಯ ನೌಕರಿ ಹುಟ್ಟಿತು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಹೊಸದಾಗಿ ಡಾಕ್ಟರೇಟ್ ಪಡೆದವರಿಗೆ ಫೆಲೋಶಿಪ್ ಕೊಡಲು ಶುರುಮಾಡಿತು. ಪಾಠ ಹೇಳುವ ಹೊರೆಯಿಲ್ಲದೆ ಕೆಲವು ವರ್ಷ ಬರೀ ಸಂಶೋಧನೆ ಮಾಡಲಿ, ಆಮೇಲೆ ವಿಶ್ವವಿದ್ಯಾಲಯಗಳು ಅವರನ್ನು ಅಧ್ಯಾಪಕರನ್ನಾಗಿ ತೆಗೆದುಕೊಳ್ಳಲಿ ಎಂಬುದು ಲೆಕ್ಕಾಚಾರ. ನಾವು ಈಗ ಪೋಸ್ಟ್‌ಡಾಕ್ ಎನ್ನುವುದಕ್ಕೆ ಮೂಲ ಅದು. ಹುಟ್ಟಿದಾಗ ಅದು ಒಂದು ಸೇತುವೆ. ಆಚೆ ದಡದಲ್ಲಿ ಕಾಯಂ ಹುದ್ದೆ ಇದೆ ಎಂಬ ಭರವಸೆಯ ಮೇಲೆ ಕಟ್ಟಿದ್ದು.

ಅದೇ ರಾಕ್‌ಫೆಲರ್ ಪ್ರತಿಷ್ಠಾನದ ಹಣ ಮೂವತ್ತು ಚಿಲ್ಲರೆ ವರ್ಷಗಳ ನಂತರ ಸಾಗರಕ್ಕೆ ಬಂತು.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ಪುಣೆಯಲ್ಲಿ ವೈರಸ್ ರಿಸರ್ಚ್ ಸೆಂಟರ್ ತೆರೆದವು. ಸೊಳ್ಳೆ, ಉಣುಗುಗಳಿಂದ ಹರಡುವ ವೈರಸ್‌ಗಳ ಅಧ್ಯಯನ ಅದರ ಗುರಿ. 1957ರ ಮಾರ್ಚಿನಲ್ಲಿ ಆ ಕೇಂದ್ರಕ್ಕೆ ಸುದ್ದಿ ಮುಟ್ಟಿತು: ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸಿಯಗಳೂ ಕೆಂಪು ಮಂಗಗಳೂ ಸಾಯುತ್ತಿವೆ, ಕಾಡಿಗೆ ಹೋದ ಜನರಿಗೂ ಜೋರು ಜ್ವರ ಬರುತ್ತಿದೆ. ವಿಜ್ಞಾನಿಗಳ ಮೊದಲ ಭಯ ಹಳದಿ ಜ್ವರದ್ದು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದಲ್ಲಿ ಮಾತ್ರ ಇದ್ದ ಆ ರೋಗ ಏಷ್ಯಾಕ್ಕೆ ಕಾಲಿಟ್ಟರೆ ಗತಿಯೇನು ಎಂಬ ಆತಂಕ. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ಬಳಗಕ್ಕೆ ಸೇರಿದ್ದು ಎಂದು ತಿಳಿಯಿತು. ಹೊಸ ವೈರಸ್. ಅದಕ್ಕೆ ಕ್ಯಾಸನೂರಿನ ಹೆಸರೇ ಉಳಿಯಿತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು.

ಸಾಗರ ಪೇಟೆಯಲ್ಲಿ ಕ್ಷೇತ್ರ ಕೇಂದ್ರವಾಯಿತು. ಅಲ್ಲಿ ಕೆಲಸ ಮಾಡಿದವರ ಪೂರ್ವಾಪರ ನೋಡಿದರೆ ಆ ಕಾಲದ ಸಂಶೋಧನೆಯ ನೌಕರಿ ಎಷ್ಟು ದೂರ ಸುತ್ತಿಸುತ್ತಿತ್ತು ಎಂದು ಗೊತ್ತಾಗುತ್ತದೆ. ಕೇಂದ್ರದ ಆಗಿನ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್ ಅದಕ್ಕೆ ಮುಂಚೆ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಸ್ಸಿನ ಮೇಲೆ ಕೆಲಸ ಮಾಡಿದವರು. ಹೆರಾಲ್ಡ್ ಟ್ರಾಪಿಡೊ ಪನಾಮಾದಿಂದ ಬಂದವರು. ಹೋರ್ಹೆ ಬೊಷೆಲ್ ಕೊಲಂಬಿಯಾದವರು. ಅಲ್ಲಿ ಮರ ಕಡಿಯುವವರಿಗೇ ಹಳದಿ ಜ್ವರ ಏಕೆ ಬರುತ್ತದೆ ಎಂಬ ಒಗಟು ಬಿಡಿಸುವುದರಲ್ಲಿ ಅವರ ಪಾಲಿತ್ತು. ಮರದ ನೆತ್ತಿಯಲ್ಲಿರುವ ಸೊಳ್ಳೆಗಳು ಮರ ಉರುಳಿದಾಗ ನೆಲಕ್ಕೆ ಬಂದು ಮನುಷ್ಯನನ್ನು ಕಚ್ಚುತ್ತವೆ ಎಂಬುದು ಉತ್ತರ. ಅದೇ ಕಣ್ಣಿನಿಂದ ಅವರು ಮಲೆನಾಡನ್ನೂ ನೋಡಿದರು. ಕಾಡು ಕಡಿದು ಗದ್ದೆ ಮಾಡಿದ ಕಡೆ, ಕಾಡಂಚಿನಲ್ಲಿ ದನ ಮೇಯುವ ಕಡೆ ಉಣುಗು ಹೆಚ್ಚುತ್ತದೆ, ಮಂಗ ಸತ್ತು ಬಿದ್ದ ಜಾಗದಲ್ಲಿ ಸೋಂಕಿನ ಉಣುಗು ಚೆಲ್ಲಿಬಿಡುತ್ತದೆ, ಸೊಪ್ಪು ಸೌದೆಗೆ ಹೋದವರಿಗೆ ಅದು ಹತ್ತುತ್ತದೆ ಎಂಬುದನ್ನು 1969ರಲ್ಲಿ ಅವರು ಪ್ರಕಟಿಸಿದ ಲೇಖನ ವಿವರಿಸುತ್ತದೆ. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಉಳಲು ನೆಲ ಬೇಕೆಂದು ಜನ ಹೋರಾಡುತ್ತಿದ್ದ, ಶರಾವತಿ ಕಣಿವೆಯ ಊರುಗಳು ಮುಳುಗಿ ಜನ ಬೇರೆ ಕಾಡುಗಳ ಅಂಚಿಗೆ ಸರಿಯುತ್ತಿದ್ದ ಕಾಲ ಅದು. ರೋಗದ ಪರಿಸರವೆಂದರೆ ಕಾಡು ಮಾತ್ರವಲ್ಲ, ಕಾಡಂಚಿಗೆ ಜನರನ್ನು ತಂದು ನಿಲ್ಲಿಸಿದ ಈ ಚರಿತ್ರೆಯೂ ಹೌದು.

ಕೆಲಸ ಹೇಗಿತ್ತು? ಬಿಳಿ ಬಟ್ಟೆಯನ್ನು ಕಾಡಿನ ತರಗೆಲೆಯ ಮೇಲೆ ಎಳೆದುಕೊಂಡು ಹೋಗುವುದು, ಅದಕ್ಕೆ ಹತ್ತಿದ ಉಣುಗಿನ ಮರಿಗಳನ್ನು ಚಿಮುಟದಿಂದ ಆರಿಸಿ ಶೀಶೆಗೆ ಹಾಕುವುದು, ಜಾಗ ಮತ್ತು ದಿನ ಬರೆಯುವುದು. ಇಲಿ, ಹಕ್ಕಿ ಹಿಡಿದು ರಕ್ತ ತೆಗೆಯುವುದು. ಸತ್ತ ಮಂಗದ ಸುದ್ದಿ ಬಂದ ಕಡೆಗೆ ಓಡುವುದು. ಅಪಾಯ ಕಾಡಿನಲ್ಲಷ್ಟೇ ಇರಲಿಲ್ಲ. ಈ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ ಪ್ರಸಂಗಗಳು ವಿಜ್ಞಾನ ಪತ್ರಿಕೆಗಳಲ್ಲಿ ದಾಖಲಾಗಿವೆ.

ಈ ಕೆಲಸದಲ್ಲಿ ಪಳಗಿದವರಲ್ಲಿ ಒಬ್ಬರು ಪಿ.ಕೆ. ರಾಜಗೋಪಾಲನ್. ವೈರಸ್ ಕೇಂದ್ರದ ಕಿರಿಯ ಕೀಟಶಾಸ್ತ್ರಜ್ಞರಾಗಿ ಸಾಗರದ ಕಾಡುಗಳನ್ನು ಸುತ್ತಿದ ಅವರು 1975ರಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನ ಮೊದಲ ನಿರ್ದೇಶಕರಾದರು. ಆನೆಕಾಲು ರೋಗದ ಸೊಳ್ಳೆಯ ನಿಯಂತ್ರಣದಲ್ಲಿ ಅವರದು ದೊಡ್ಡ ಹೆಸರು. 1964ರಲ್ಲಿ ಹೊಸ ಉಣುಗಿನ ಜಾತಿಯೊಂದಕ್ಕೆ 'ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್' ಎಂದು ಹೆಸರಿಡಲಾಯಿತು. ಹೆಸರಿಟ್ಟವರು ಮೂವರು: ಟ್ರಾಪಿಡೊ, ಕೈರೋದಲ್ಲಿದ್ದ ಉಣುಗು ತಜ್ಞ ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್. ಕಿರಿಯ ಸಂಶೋಧಕನ ಹೆಸರು ಮೂರನೆಯದಾಗಿಯಾದರೂ ಅಲ್ಲಿದೆ, ಊರಿನ ಹೆಸರೂ ಇದೆ. ಬಟ್ಟೆ ಎಳೆದ, ಸತ್ತ ಮಂಗವನ್ನು ಹೊತ್ತು ತಂದ, ಯಾವ ಕಾಡಿನಲ್ಲಿ ಯಾವ ದಾರಿ ಎಂದು ತೋರಿಸಿದ ಸ್ಥಳೀಯರ ಹೆಸರುಗಳಿಗೆ ಅಂಥ ಜಾಗವಿಲ್ಲ. ವಿಜ್ಞಾನದಲ್ಲಿ ಅವರದು ನೌಕರಿಯಾಗಲಿಲ್ಲ, ಕೂಲಿಯಾಯಿತು.

ಮಂಗಗಳ ಸಾವಿನಿಂದ ಹುಟ್ಟಿದ ನೌಕರಿಗಳು ಸಾಗರದಲ್ಲೇ ನಿಲ್ಲಲಿಲ್ಲ ಎಂಬುದು ಈ ಚರಿತ್ರೆಯ ಸೋಜಿಗದ ಪುಟ. ರಷ್ಯಾದ ಬಳಗದ ವೈರಸ್ ಮಲೆನಾಡಿಗೆ ಹೇಗೆ ಬಂತು? ಚಳಿಗಾಲದಲ್ಲಿ ಸೈಬೀರಿಯಾದ ಕಡೆಯಿಂದ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ? ಈ ಪ್ರಶ್ನೆಯಿಂದಾಗಿ ಸಲೀಂ ಅಲಿಯವರ ಬಹುದಿನದ ಆಸೆಗೆ ದಾರಿಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಹಕ್ಕಿಗಳ ವಲಸೆಯ ಅಧ್ಯಯನ ಶುರುಮಾಡಿತು. ಕಚ್ಛ್, ಭರತಪುರ ಮುಂತಾದ ಕಡೆ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ಬಿತ್ತು. ಒಂದು ತಲೆಮಾರಿನ ಯುವ ಪಕ್ಷಿತಜ್ಞರಿಗೆ ಸಂಬಳ ಸಿಕ್ಕಿತು. ಆಮೇಲೆ ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗದ ಹಣವೂ ಈ ಕೆಲಸಕ್ಕೆ ಬಂತು. ಅದು ಅನುಮಾನಕ್ಕೆ ಗುರಿಯಾಗಿ 1970ರ ದಶಕದ ಮಧ್ಯದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಇದನ್ನು ವಿಚಾರಿಸುವ ಮಟ್ಟಕ್ಕೆ ಹೋಯಿತು. ಹಕ್ಕಿಗಳು ವೈರಸ್ ತಂದವೆಂಬುದು ಕೊನೆಗೂ ರುಜುವಾತಾಗಲಿಲ್ಲ. ಆದರೆ ಭಾರತದ ಪಕ್ಷಿ ವಲಸೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಉಂಗುರಗಳಿಂದ ಬಂತು. ಸಂಶೋಧನೆಯ ಹಣ ಒಂದು ಪ್ರಶ್ನೆಗೆ ಬಂದು ಇನ್ನೊಂದಕ್ಕೆ ಉತ್ತರ ಕೊಟ್ಟು ಹೋಗುವುದು ಹೀಗೆ.

1967ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಪುಣೆಯ ಕೇಂದ್ರದಿಂದ ಹಿಂದೆ ಸರಿಯಿತು. 1978ರಲ್ಲಿ ಆ ಕೇಂದ್ರ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಪ್ರಪಂಚದ ಗಮನ ಬೇರೆ ವೈರಸ್‌ಗಳ ಕಡೆ ಹೊರಳಿತು. ವರ್ಕ್, ಟ್ರಾಪಿಡೊ, ಬೊಷೆಲ್ ಮುಂದಿನ ಕೆಲಸಗಳಿಗೆ ಹೋದರು. ಮಂಗನ ಕಾಯಿಲೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸೊರಬ, ಸಾಗರದಿಂದ ಹೊಸನಗರ, ತೀರ್ಥಹಳ್ಳಿಗೆ, ಉತ್ತರ ಕನ್ನಡಕ್ಕೆ, ದಕ್ಷಿಣ ಕನ್ನಡಕ್ಕೆ, ಕೊನೆಗೆ ಕೇರಳ, ಗೋವಾದವರೆಗೂ ಹರಡಿತು.

ಕೋಲ್ಮನ್ ಕಥೆಯನ್ನೂ ಸಾಗರದ ಕಥೆಯನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ವಿಜ್ಞಾನದ ಗುಣಮಟ್ಟದಲ್ಲಿ ಸಾಗರದ ಕೆಲಸ ಕಡಿಮೆಯದೇನಲ್ಲ, ಮಂಗನ ಕಾಯಿಲೆಯ ಬಗ್ಗೆ ಇವತ್ತಿಗೂ ಉಲ್ಲೇಖವಾಗುವುದು ಆ ಲೇಖನಗಳೇ. ಆದರೆ ಒಂದು ಕಡೆ ಸಂಶೋಧಕ ಇಲಾಖೆಯಾಗಿ ಉಳಿದ, ಇನ್ನೊಂದು ಕಡೆ ಸಂಶೋಧನೆ ಲೇಖನವಾಗಿ ಉಳಿಯಿತು. ಕೊಳೆರೋಗಕ್ಕೆ ಮದ್ದು ಸುಲಭವಾಗಿತ್ತು, ವೈರಸ್ಸಿಗೆ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಅದು ಅರ್ಧ ನಿಜ. ಕಷ್ಟದ ಪ್ರಶ್ನೆಗೆ ಹೆಚ್ಚು ವರ್ಷ ಬೇಕಾಗುತ್ತದೆ ಎಂಬುದು ಉಳಿದರ್ಧ.

ಆ ಕಾಲದಲ್ಲಿ ದೇಶದೊಳಗೂ ಸಂಶೋಧನೆಯ ನೌಕರಿಯ ಹೊಸ ವ್ಯವಸ್ಥೆ ಬೆಳೆಯುತ್ತಿತ್ತು. 1958ರ ಮಾರ್ಚಿನಲ್ಲಿ ಸಂಸತ್ತು ವಿಜ್ಞಾನ ನೀತಿ ನಿರ್ಣಯ ಕೇಳಿತು. ಅದೇ ವರ್ಷ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ವಿಜ್ಞಾನಿಗಳ ಪೂಲ್ ಎಂಬ ಯೋಜನೆ ಶುರುಮಾಡಿತು. ಹೊರದೇಶದಲ್ಲಿ ಓದಿ ಮರಳಿದ ವಿಜ್ಞಾನಿ, ಎಂಜಿನಿಯರುಗಳಿಗೆ ಕಾಯಂ ಕೆಲಸ ಸಿಗುವವರೆಗೆ ಸಂಬಳ ಕೊಟ್ಟು ಯಾವುದಾದರೂ ವಿಶ್ವವಿದ್ಯಾಲಯದಲ್ಲೋ ಪ್ರಯೋಗಾಲಯದಲ್ಲೋ ಇರಿಸುವುದು ಅದರ ಉದ್ದೇಶ. ಇದೂ ಸೇತುವೆಯೇ. ಆಗ ದೇಶದಲ್ಲಿ ಹೊಸ ಐಐಟಿಗಳು, ಹೊಸ ರಾಷ್ಟ್ರೀಯ ಪ್ರಯೋಗಾಲಯಗಳು ಏಳುತ್ತಿದ್ದುದರಿಂದ ಆಚೆ ದಡ ಕಣ್ಣಿಗೆ ಕಾಣುತ್ತಿತ್ತು.

ನನ್ನ ತಲೆಮಾರಿಗೆ ಸೇತುವೆಗಳ ಸಂಖ್ಯೆ ಹೆಚ್ಚಿದೆ, ದಡ ದೂರ ಸರಿದಿದೆ. ಜೂನಿಯರ್ ರಿಸರ್ಚ್ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದಮೇಲೆ 42,000. ಪಿಎಚ್‌.ಡಿ. ಆದವರಿಗೆ ರಿಸರ್ಚ್ ಅಸೋಸಿಯೇಟ್ ಹುದ್ದೆಗಳಿವೆ, ಎರಡು ವರ್ಷದ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ಇದೆ. ಹೊರಗೆ ಹೋಗುವವರಿಗೆ ಜರ್ಮನಿಯ ಹಂಬೋಲ್ಟ್, ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗಳಿವೆ. ಇವು ಸುಳ್ಳು ಅವಕಾಶಗಳಲ್ಲ. ಆದರೆ ಜಾಹೀರಾತುಗಳನ್ನು ಓದಿದವರಿಗೆ ಅವುಗಳ ಕೊನೆಯ ಸಾಲು ಬಾಯಿಪಾಠವಾಗಿರುತ್ತದೆ: ಹುದ್ದೆ ಸಂಪೂರ್ಣ ತಾತ್ಕಾಲಿಕ, ಯೋಜನೆಯೊಂದಿಗೇ ಮುಗಿಯುತ್ತದೆ, ಮುಂದೆ ಕಾಯಂ ಮಾಡಬೇಕೆಂಬ ಹಕ್ಕಿಲ್ಲ, ಸಂದರ್ಶನಕ್ಕೆ ಬಂದುಹೋಗುವ ಖರ್ಚು ಕೊಡಲಾಗುವುದಿಲ್ಲ.

ಅಂಥ ಒಂದು ನೇರ ಸಂದರ್ಶನಕ್ಕೆ ನಾನು ರಾತ್ರಿ ಬಸ್ಸಿನಲ್ಲಿ ಹೋಗಿದ್ದೆ. ಒಂದೇ ಹುದ್ದೆ. ಕಾರಿಡಾರಿನಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ಅವರಲ್ಲಿ ನನಗಿಂತ ಎಂಟು ಹತ್ತು ವರ್ಷ ದೊಡ್ಡವರು, ಮೂರು ಯೋಜನೆ ಮುಗಿಸಿ ನಾಲ್ಕನೆಯದಕ್ಕೆ ಬಂದವರು ಇದ್ದರು. ಒಬ್ಬರು ಮಗುವನ್ನು ಅಜ್ಜಿಯ ಜೊತೆ ಹೊರಗೆ ಮರದ ಕೆಳಗೆ ಬಿಟ್ಟು ಬಂದಿದ್ದರು. ಒಳಗೆ ಹೋದಾಗ ಕೇಳಿದ ಮೊದಲ ಪ್ರಶ್ನೆ, ಯೋಜನೆ ಮುಗಿಯುವ ಮುಂಚೆ ಬಿಟ್ಟುಹೋಗುವುದಿಲ್ಲ ತಾನೆ ಎಂಬುದು. ಯೋಜನೆಗೆ ಉಳಿದಿದ್ದದ್ದು ಹನ್ನೊಂದು ತಿಂಗಳು.

ನನ್ನಪ್ಪ ಕೊನೆಗಾರ. ಬೇರೆಯವರ ತೋಟದಲ್ಲಿ ಮಳೆಗಾಲಕ್ಕೆ ಔಷಧಿ ಹೊಡೆದು, ಮಳೆ ಬಿಟ್ಟ ಮೇಲೆ ಕೊನೆ ಕೊಯ್ದು ನನ್ನನ್ನು ಓದಿಸಿದವರು. ಈ ನೌಕರಿಯ ಷರತ್ತುಗಳನ್ನು ವಿವರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ದೂ ಹಂಗೇ ಅಲ್ಲನ ಮಾರಾಯ? ಮರದಲ್ಲಿ ಕೊನೆ ಇರೋತನಕ ಕೆಲ್ಸ. ಆದ್ರೆ ನಂಗೆ ಬರೋ ವರ್ಷನೂ ಅದೇ ತೋಟ ಐತಿ" ಎಂದರು. ಈ ಮಾತಿನಲ್ಲಿರುವ ವ್ಯತ್ಯಾಸ ಸಣ್ಣದಲ್ಲ. ತಾತ್ಕಾಲಿಕ ಕೆಲಸವೂ ಒಂದೇ ತೋಟದಲ್ಲಿ ಮತ್ತೆ ಮತ್ತೆ ಸಿಕ್ಕರೆ ಅನುಭವ ಗಟ್ಟಿಯಾಗುತ್ತದೆ. ಯಾವ ಮರ ಬಾಗುತ್ತದೆ, ಯಾವ ಮೂಲೆಯಲ್ಲಿ ಕೊಳೆ ಮೊದಲು ಬೀಳುತ್ತದೆ ಎಂದು ಅಪ್ಪನಿಗೆ ಗೊತ್ತು. ಪ್ರತಿ ಹನ್ನೊಂದು ತಿಂಗಳಿಗೆ ಊರು, ಬೆಳೆ, ರೋಗ ಎಲ್ಲ ಬದಲಾಯಿಸುವ ಸಂಶೋಧಕನಿಗೆ ಆ ಬಗೆಯ ತಿಳಿವಳಿಕೆ ಬರಲು ಸಮಯವೇ ಸಿಗುವುದಿಲ್ಲ.

ಇನ್ನು ಆಚೆ ದಡದ ಲೆಕ್ಕ. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಆಯ್ಕೆಪಟ್ಟಿಗೆ ಯುಜಿಸಿ 2018ರಲ್ಲಿ ಮಾಡಿದ ಅಂಕಪದ್ಧತಿಯಲ್ಲಿ ಪಿಎಚ್‌.ಡಿ.ಗೆ 30 ಅಂಕ, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಪಿಎಚ್‌.ಡಿ. ಕಡ್ಡಾಯವೆಂದು ಮೊದಲು ಹೇಳಿ, ಗಡುವು ಮುಂದೂಡಿ, 2023ರ ಜುಲೈಯಿಂದ ನೆಟ್ ಅಥವಾ ಸೆಟ್ ಇದ್ದರೆ ಸಾಕು ಎಂದು ಬದಲಾಯಿಸಿದ್ದೂ ಆಯಿತು. ನಿಯಮ ಬದಲಾಗುವುದು ತಪ್ಪಲ್ಲ. ಆದರೆ ಐದು ವರ್ಷದ ಪಿಎಚ್‌.ಡಿ. ಶುರುಮಾಡಿದಾಗ ಇದ್ದ ನಿಯಮ ಮುಗಿಸುವಾಗ ಇರುವುದಿಲ್ಲ. ಕಾಯಂ ಹುದ್ದೆಗಳ ಜಾಗದಲ್ಲಿ ಅತಿಥಿ ಉಪನ್ಯಾಸಕರು ತರಗತಿ ನಡೆಸುವುದು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಾಮೂಲಿಯಾಗಿದೆ ಎಂದರೆ ಅತಿಥಿ ಎಂಬ ಪದದ ಅರ್ಥವೇ ಬದಲಾಗಿದೆ.

ಹಾಗೆಂದು ಮೂರು ತಾಲೂಕಿನ ಮಕ್ಕಳಿಗೆ ಹತ್ತಿರದಲ್ಲಿ ಏನೂ ಇಲ್ಲವೆಂದಲ್ಲ. ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು, ಶಂಕರಘಟ್ಟದ ಜ್ಞಾನ ಸಹ್ಯಾದ್ರಿಗೆ ನಮ್ಮ ಕಡೆಯ ಹುಡುಗ ಹುಡುಗಿಯರು ವಿಜ್ಞಾನ ಓದಲು ಹೋಗತೊಡಗಿದರು. 2012ರಲ್ಲಿ ಶಿವಮೊಗ್ಗಕ್ಕೆ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಬಂತು. ಈಗ ಕೆಳದಿ ಶಿವಪ್ಪ ನಾಯಕರ ಹೆಸರಿನಲ್ಲಿರುವ ಅದರ ಮುಖ್ಯ ಆವರಣ ಇರುವುದು ಸಾಗರ ತಾಲೂಕಿನ ಇರುವಕ್ಕಿಯಲ್ಲಿ. ತೀರ್ಥಹಳ್ಳಿಯ ಸೀಬಿನಕೆರೆಯಲ್ಲಿ ಅಡಿಕೆಯ ಸಂಶೋಧನೆ ನಡೆಯುತ್ತದೆ. ಕಟ್ಟಡ ಮತ್ತು ನೆಲ ಕೊನೆಗೂ ಇಲ್ಲಿಗೆ ಬಂದಿವೆ. ಇನ್ನು ಬರಬೇಕಾದದ್ದು ವರ್ಷಗಳು.

ಏಕೆಂದರೆ ರೋಗಗಳಂತೂ ನಿಂತಿಲ್ಲ. 2018ರ ಡಿಸೆಂಬರಿನಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಮತ್ತೆ ಭುಗಿಲೆದ್ದು ಹಲವರು ಸತ್ತರು. ಶರಾವತಿ ಹಿನ್ನೀರಿನ ಆಸುಪಾಸಿನ ಊರುಗಳವು. ಹೊಸ ವಿಜ್ಞಾನಿಗಳ ತಂಡಗಳು ಬಂದವು, ಬ್ರಿಟನ್ನಿನ ಹಣದ ಜಂಟಿ ಯೋಜನೆಯೂ ನಡೆಯಿತು. ಅಪಾಯದ ನಕಾಶೆಗಳಾದವು, ಒಳ್ಳೆಯ ಲೇಖನಗಳು ಬಂದವು. ಅವರು ಎತ್ತಿದ ಪ್ರಶ್ನೆಗಳಲ್ಲಿ ಹಲವು ಬೊಷೆಲ್ ಎತ್ತಿದ್ದವೇ: ಕಾಡಂಚು, ದನ, ಸೊಪ್ಪು, ಜನರ ಓಡಾಟ. ಇದು ಅವರ ಕೊರತೆಯಲ್ಲ. ನಡುವಿನ ಐವತ್ತು ವರ್ಷ ಆ ಕಾಡುಗಳಲ್ಲಿ ಪ್ರತಿ ಹಂಗಾಮಿನಲ್ಲೂ ಉಣುಗು ಎಣಿಸುವ ಒಬ್ಬ ಕಾಯಂ ಸಂಶೋಧಕ ಇದ್ದಿದ್ದರೆ ಅವರು ಅಷ್ಟು ಹಿಂದಿನಿಂದ ಶುರುಮಾಡಬೇಕಾಗಿರಲಿಲ್ಲ.

ಕಾಯಂ ವ್ಯವಸ್ಥೆಯಿಂದ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ ಲಸಿಕೆಯದೇ. ಮಂಗನ ಕಾಯಿಲೆಯ ಲಸಿಕೆ ಎಷ್ಟು ಪರಿಣಾಮಕಾರಿ ಎಂದು 2005ರಿಂದ 2010ರವರೆಗಿನ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62.4, ಬೂಸ್ಟರನ್ನೂ ಪಡೆದವರಲ್ಲಿ ಶೇ. 82.9. ಆ ಅಂಕಿ ಬಂದದ್ದು ದೊಡ್ಡ ಯಂತ್ರದಿಂದಲ್ಲ. ಹಳ್ಳಿಹಳ್ಳಿಯಲ್ಲಿ ಲಸಿಕೆ ಹಾಕಿದವರ ಪಟ್ಟಿ, ಜ್ವರ ಬಂದವರ ರಕ್ತಪರೀಕ್ಷೆಯ ದಾಖಲೆ, ಅವನ್ನು ವರ್ಷಗಟ್ಟಲೆ ಜೋಪಾನ ಮಾಡಿದ ಆರೋಗ್ಯ ಇಲಾಖೆಯ ಸಿಬ್ಬಂದಿ, ಇವುಗಳಿಂದ. ಲಸಿಕೆ ಪೂರ್ತಿ ಕಾಯುವುದಿಲ್ಲ ಎಂದು ಹೇಳಿದ್ದೂ ಆ ಸಾದಾ ರಿಜಿಸ್ಟರುಗಳೇ. 2022ರಲ್ಲಿ ಆ ಲಸಿಕೆ ನಿಂತಿತು, ಹೊಸದರ ಕೆಲಸ ನಡೆಯುತ್ತಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯೇ ಆಸರೆ.

ಅಡಿಕೆ ತೋಟಕ್ಕೂ ಈಗ ಇನ್ನೊಂದು ಪ್ರಶ್ನೆ ಬಂದಿದೆ. ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳನ್ನು ಕೆಲವು ವರ್ಷಗಳಿಂದ ಒಣಗಿಸುತ್ತಿದೆ. ಕಾಯಿಗೆ ಹೊಡೆದಷ್ಟು ಸುಲಭವಲ್ಲ ಸೋಗೆಗೆ ಹೊಡೆಯುವುದು. ಪಕ್ಕದ ತೋಟದವನೂ ಅದೇ ಹೊತ್ತಿಗೆ ಹೊಡೆಯದಿದ್ದರೆ ಪ್ರಯೋಜನ ಕಡಿಮೆ. ಮರ ಹತ್ತುವವರೂ ಕಡಿಮೆಯಾಗಿದ್ದಾರೆ. ಇದನ್ನು ಬಿಡಿಸಲು ಶಿಲೀಂಧ್ರ ಗೊತ್ತಿರುವವರು ಬೇಕು, ಮಳೆಯ ಲೆಕ್ಕ ಗೊತ್ತಿರುವವರು ಬೇಕು, ಐವತ್ತು ಅಡಿ ಎತ್ತರಕ್ಕೆ ಔಷಧಿ ಮುಟ್ಟಿಸುವ ಸಾಧನ ಮಾಡುವ ಎಂಜಿನಿಯರು ಬೇಕು. ಒಂದೊಂದು ಹಂಗಾಮಿಗೆ ಒಂದೊಂದು ಯೋಜನೆ ಹಾಕಿ ಬಿಡಿಸುವ ಗಂಟಲ್ಲ ಇದು. ಒಂದು ಪ್ರಯೋಗ ಮಾಡಿ ಫಲ ನೋಡುವುದಕ್ಕೇ ಎರಡು ಮಳೆಗಾಲ ಬೇಕು, ಫೆಲೋಶಿಪ್ಪಿನ ಅವಧಿ ಅಲ್ಲಿಗೆ ಮುಗಿಯುತ್ತದೆ.

ನನ್ನ ಜೊತೆಯವರಿಗೆ, ಈಗ ಎಂ.ಎಸ್ಸಿ. ಓದುತ್ತಿರುವ ಊರಿನ ತಮ್ಮ ತಂಗಿಯರಿಗೆ ಹೇಳುವುದಿಷ್ಟೇ. ಹೊರಗೆ ಹೋಗಿ, ಅರ್ಜಿ ಹಾಕಿ, ಅಪರಿಚಿತ ಪ್ರಾಧ್ಯಾಪಕರಿಗೆ ಧೈರ್ಯವಾಗಿ ಪತ್ರ ಬರೆಯಿರಿ. ಬೊಷೆಲ್ ಕೊಲಂಬಿಯಾದ ಕಾಡಿನಲ್ಲಿ ಕಲಿತದ್ದು ನಮ್ಮ ಸಾಗರದಲ್ಲಿ ಉಪಯೋಗಕ್ಕೆ ಬಂತು, ನೀವು ಎಲ್ಲೋ ಕಲಿತದ್ದೂ ಇಲ್ಲಿ ಬರಬಹುದು. ಆದರೆ ಜಾಹೀರಾತಿನಲ್ಲಿ ಸಂಬಳದ ಸಾಲಿಗಿಂತ ಮೊದಲು ಅವಧಿಯ ಸಾಲು ಓದಿ, ನೀವು ಹಿಡಿದ ಪ್ರಶ್ನೆಗೆ ಅದು ಸಾಕೇ ಎಂದು ಕೇಳಿಕೊಳ್ಳಿ.

ಹಣ ಹಂಚುವವರಿಗೆ ಹೇಳುವುದೂ ಅದೇ ಸಾಲಿನ ಬಗ್ಗೆ. 1908ರಲ್ಲಿ ಒಂದು ದೇಶೀಯ ಸಂಸ್ಥಾನ ಒಬ್ಬ ಸಸ್ಯರೋಗ ತಜ್ಞನನ್ನು ಕಾಯಮ್ಮಾಗಿ ಇಟ್ಟುಕೊಳ್ಳುವುದು ತನ್ನ ಶಕ್ತಿಗೆ ಮೀರಿದ್ದೆಂದು ತಿಳಿಯಲಿಲ್ಲ. ಇರುವಕ್ಕಿಯಲ್ಲಿ ಎಲೆಚುಕ್ಕಿಗೆ ಹತ್ತು ವರ್ಷ ಕೊಡಬಲ್ಲ ಒಬ್ಬರು, ಸಾಗರದಲ್ಲಿ ಉಣುಗಿಗೆ ಇಪ್ಪತ್ತು ವರ್ಷ ಕೊಡಬಲ್ಲ ಒಬ್ಬರು, ಅವರ ಜೊತೆಗೆ ಕಾಡು ತಿಳಿದ ನಾಲ್ಕು ಜನ ಸ್ಥಳೀಯರು ಕೂಲಿಯಲ್ಲದ ಸಂಬಳದಲ್ಲಿ. ಇಷ್ಟಾದರೆ ಮುಂದಿನ ಸಲ ಮಂಗ ಸತ್ತ ಸುದ್ದಿ ಪುಣೆಗೆ ಮುಟ್ಟುವ ಮುಂಚೆ ಸಾಗರದಲ್ಲೇ ಒಬ್ಬರಿಗೆ ಅದರ ಅರ್ಥ ಗೊತ್ತಿರುತ್ತದೆ.